ಬೋಳುತಲೆಗೂ ಮೊಣಕಾಲಿಗೂ

ನಮ್ಮ ಕಡೆ ಒಬ್ಬರ ಸಂಬಳ ಕೇಳಬೇಕಾದರೂ ಜನ ಸ್ವಲ್ಪ ಸುತ್ತಿ ಬಳಸಿ ಕೇಳುತ್ತಾರೆ. ಹೊಟ್ಟೆ ಮುಂದೆ ಬಂದಿದ್ದರೆ "ಮನೆ ಊಟ ಚೆನ್ನಾಗಿ ಹಿಡಿಸಿದೆ" ಅಂತ ಮುಗಿಸುತ್ತಾರೆ. ಕೂದಲಿನ ವಿಷಯಕ್ಕೆ ಬಂದರೆ ಮಾತ್ರ ಈ ನಾಜೂಕೆಲ್ಲ ಎಲ್ಲಿ ಹೋಗುತ್ತದೋ. ಮದುವೆ ಮನೆಯಲ್ಲಿ ಎದುರಾದ ನನ್ನ ಸೋದರತ್ತೆ ಕಣ್ಣು ನೋಡಿ ಮಾತಾಡಲೇ ಇಲ್ಲ. ಹಣೆ ನೋಡಿಕೊಂಡೇ ಮಾತಾಡಿದರು.

"ಏನೋ ಇದು, ಮುಂದೆಲ್ಲ ಖಾಲಿ ಆಗೋಯ್ತಲ್ಲೋ! ಬೋರ್ ನೀರು ಕಣೋ, ಬೋರ್ ನೀರು."

ಪಕ್ಕದಲ್ಲಿದ್ದ ಭಾವ ಒಪ್ಪಲಿಲ್ಲ. ಅವರ ಪ್ರಕಾರ ಅದು ಹೆಲ್ಮೆಟ್ಟಿನ ಕೆಲಸ. ಇನ್ನೊಬ್ಬರು ಶಾಂಪೂ ಅಂದರು. ಮತ್ತೊಬ್ಬರು, ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯಾ ಅಂತ ವಿಚಾರಣೆಗೆ ಶುರುಮಾಡಿದರು. ಎಲೆ ಹಾಕುವ ಹೊತ್ತಿಗೆ ನನ್ನ ತಲೆಗೆ ಈರುಳ್ಳಿ ರಸ, ಮೆಂತ್ಯ, ದಾಸವಾಳದ ಸೊಪ್ಪಿನ ಲೋಳೆ, ಗರಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ, ಎಲ್ಲವೂ ನಿಗದಿಯಾಗಿದ್ದವು. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರೆ ದಟ್ಟವಾಗಿ ಬರುತ್ತದೆ ಅನ್ನುವ ಸಲಹೆಯೂ ಬಂತು. ಮುಡಿ ಕೊಡಲು ಕಾರಣ ಬೇರೆ ಏನೇ ಇರಲಿ, ಇದಂತೂ ಆಗುವುದಿಲ್ಲ. ಕೂದಲಿನ ಬೇರು ಇರುವುದು ಚರ್ಮದ ಒಳಗೆ. ಮೇಲಿನಿಂದ ಬೋಳಿಸಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹೊಸದಾಗಿ ಬಂದ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಅನ್ನಿಸುತ್ತದೆ, ಅಷ್ಟೇ.

ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಅಂತ ನಮ್ಮಲ್ಲೊಂದು ಮಾತಿದೆ. ಸಂಬಂಧ ಇಲ್ಲದ್ದಕ್ಕೆ ಸಂಬಂಧ ಕಟ್ಟುವವರನ್ನು ಹಂಗಿಸಲು ಹೇಳುವ ಮಾತು. ಬೋಳುತಲೆಯ ವಿಷಯದಲ್ಲಿ ಎಲ್ಲರೂ ಈ ಕೆಲಸದಲ್ಲಿ ನಿಪುಣರೇ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ತುಂಡಾಗಬಹುದು. ಆದರೆ ಹಣೆ ಮತ್ತು ನೆತ್ತಿಯನ್ನೇ ಹುಡುಕಿಕೊಂಡು ಹೋಗಿ ಕೆಡವುವಷ್ಟು ಬುದ್ಧಿ ನೀರಿಗಿಲ್ಲ. ಹೆಲ್ಮೆಟ್ಟಿನ ಮೇಲೆ ತಪ್ಪು ಹೊರಿಸುವವರು ಅದನ್ನು ಕನ್ನಡಿಗೆ ನೇತುಹಾಕಿಕೊಂಡು ಓಡಾಡಲು ನೆಪ ಹುಡುಕುತ್ತಿದ್ದಾರೆ ಅಂತ ನನ್ನ ಗುಮಾನಿ.

ಇನ್ನು ಮನೆಯೊಳಗಿನ ಜಗಳ. "ನಿಮ್ಮಪ್ಪನ ಕಡೆಯಿಂದ ಬಂದಿದ್ದು" ಅಂತ ಅಮ್ಮ, "ನಿನ್ನ ತಮ್ಮಂದಿರ ತಲೆ ನೋಡು" ಅಂತ ಅಪ್ಪ. ವಿಜ್ಞಾನ ಇಬ್ಬರಿಗೂ ಅರ್ಧರ್ಧ ಹಂಚುತ್ತದೆ. ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ಮುಖ್ಯ ಜೀನ್ ಕೂತಿದೆ. ಹಾಗಾಗಿ ಸೋದರಮಾವನ ತಲೆ ನೋಡಿ ಭವಿಷ್ಯ ಹೇಳುವುದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಬೇರೆ ಜೀನುಗಳು ಬೇಕಾದಷ್ಟಿವೆ, ಅವು ಎರಡೂ ಕಡೆಯಿಂದ ಬರುತ್ತವೆ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ನೀರು, ಶಾಂಪೂ ಯಾವುದನ್ನೂ ಅವರು ಕೇಳಲಿಲ್ಲ. "ಮೂರು ತಿಂಗಳ ಹಿಂದೆ ಏನಾದ್ರೂ ಆಗಿತ್ತಾ?" ಅಂತ ಕೇಳಿದರು. ಜ್ವರ, ಆಪರೇಷನ್, ಒಂದೇ ಸಲಕ್ಕೆ ತೂಕ ಇಳಿಸಿದ್ದು, ಅಂಥದ್ದೇನಾದರೂ.

ಈ ಪ್ರಶ್ನೆಯ ಹಿಂದೆ ಒಂದು ಲೆಕ್ಕ ಇದೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ. ಆಮೇಲೆ ಎರಡು ಮೂರು ವಾರದಲ್ಲಿ ಅದರ ಬುಡ ಕುಗ್ಗುತ್ತದೆ. ಮುಂದೆ ಸುಮಾರು 3 ತಿಂಗಳು ಸುಮ್ನೆ ಕೂತಿದ್ದು, ಕೊನೆಗೆ ಉದುರುತ್ತದೆ. ಅದೇ ಗುಳಿಯಲ್ಲಿ ಹೊಸದು ಹುಟ್ಟುತ್ತದೆ. ತಲೆಯ ಮೇಲೆ ಇರುವುದು ಸುಮಾರು 1 ಲಕ್ಷ. ದಿನಕ್ಕೆ 50ರಿಂದ 100 ಉದುರಿದರೆ ಯಾರೂ ಗಾಬರಿ ಬೀಳಬೇಕಿಲ್ಲ. ಟೈಫಾಯಿಡ್, ಡೆಂಗಿ, ಕೋವಿಡ್‌ನಂಥ ದೊಡ್ಡ ಜ್ವರ ಬಂದಾಗ ಮಾತ್ರ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಅಷ್ಟು ಹೊತ್ತಿಗೆ ಜ್ವರ ಮರೆತೇ ಹೋಗಿರುತ್ತದೆ. ಮೊನ್ನೆ ಬದಲಾಯಿಸಿದ ಶಾಂಪೂ ಮೇಲೆ ಅಪವಾದ ಬರುತ್ತದೆ. ಮುಂದಿನ ಐದಾರು ತಿಂಗಳಲ್ಲಿ ಸಾಮಾನ್ಯವಾಗಿ ಇದು ತಾನಾಗಿಯೇ ಸರಿಹೋಗುತ್ತದೆ. ಆ ಹೊತ್ತಲ್ಲಿ ಯಾವ ಎಣ್ಣೆ ಹಚ್ಚುತ್ತಿದ್ದೀರೋ ಅದಕ್ಕೆ ಹೆಸರು ಬರುತ್ತದೆ.

ಮಗು ಅಮ್ಮನ ಮುಖ ನೋಡಿ ನಗಲು ಶುರುಮಾಡಿದರೆ ಬಾಣಂತಿಯ ಕೂದಲು ಉದುರುತ್ತದೆ ಅಂತ ನಮ್ಮ ಮನೆಯ ಹಿರಿಯ ಹೆಂಗಸರು ಹೇಳುತ್ತಿದ್ದರು. ಇದನ್ನು ಕೇಳಿ ನಾವೆಲ್ಲ ನಕ್ಕಿದ್ದೇವೆ. ಆದರೆ ಕ್ಯಾಲೆಂಡರ್ ಇಟ್ಟು ನೋಡಿ. ಬಸುರಿನಲ್ಲಿ ಹಾರ್ಮೋನುಗಳ ದೆಸೆಯಿಂದ ಉದುರದೆ ನಿಂತಿದ್ದ ಕೂದಲು ಹೆರಿಗೆಯಾದ ಮೇಲೆ ಒಟ್ಟಾಗಿ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳಿಗೆ ಉದುರಲು ಶುರುವಾಗುತ್ತದೆ. ಮಗು ಗುರುತು ಹಿಡಿದು ನಗುವುದೂ ಹೆಚ್ಚುಕಡಿಮೆ ಆಗಲೇ. ಕಾರಣ ತಪ್ಪಿತ್ತು, ತಾರೀಖು ಮಾತ್ರ ಸರಿಯಿತ್ತು.

ನನಗೆ ಮೂರು ತಿಂಗಳ ಹಿಂದೆ ಏನೂ ಆಗಿರಲಿಲ್ಲ. ಡಾಕ್ಟರು ನನ್ನ ಪಕ್ಕದ ಕೂದಲನ್ನು 50-60 ಎಳೆ ಆಗುವಷ್ಟು ಬೆರಳಲ್ಲಿ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಎರಡೇ ಎಳೆ ಕೈಗೆ ಬಂತು. ಆರಕ್ಕಿಂತ ಜಾಸ್ತಿ ಬಂದಿದ್ದರೆ ಬೇರೆ ಕಥೆಯಂತೆ. ಆಮೇಲೆ ಪುಟ್ಟ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ ಹಿಡಿದರು. ಎದುರಿನ ಪರದೆಯಲ್ಲಿ ನನ್ನ ತಲೆ ಕಂಡಿತು. ಖಾಲಿ ಅಂದುಕೊಂಡಿದ್ದ ಜಾಗ ಖಾಲಿ ಇರಲಿಲ್ಲ. ಒಂದು ದಪ್ಪ ಕಪ್ಪು ಎಳೆ, ಅದರ ಪಕ್ಕದಲ್ಲೇ ಅದರ ಅರ್ಧ ದಪ್ಪದ್ದು, ಅದಕ್ಕೂ ಆಚೆ ಬಣ್ಣವೇ ಇಲ್ಲದ ನವಿರು. "ಇವು ಹೋಗಿಲ್ಲ. ಸಣ್ಣ ಆಗ್ತಾ ಇವೆ, ನೋಡಿ" ಅಂದರು.

ಗಂಡಸರ ಬೋಳು ಅಂದರೆ ಬಹುಪಾಲು ಇದೇ. ಟೆಸ್ಟೊಸ್ಟೆರಾನ್ ಅನ್ನುವ ಹಾರ್ಮೋನನ್ನು ಮೈಯೊಳಗಿನ ಒಂದು ಕಿಣ್ವ ಇನ್ನೂ ಖಾರವಾದ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಅದಕ್ಕೆ ಡಿಎಚ್‌ಟಿ ಅನ್ನುತ್ತಾರೆ. ಹುಟ್ಟಿನಿಂದಲೇ ಅದಕ್ಕೆ ಸೋಲುವ ಗುಣವಿರುವ ಗುಳಿಗಳಲ್ಲಿ ಪ್ರತಿ ಸುತ್ತಿಗೂ ಕೂದಲು ತೆಳ್ಳಗಾಗುತ್ತದೆ, ಬೆಳೆಯುವ ಕಾಲವೂ ಕಡಿಮೆಯಾಗುತ್ತದೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಇದನ್ನು ತೋರಿಸಿಕೊಟ್ಟ. ಹರೆಯಕ್ಕೆ ಮೊದಲೇ ವೃಷಣ ತೆಗೆಸಿಕೊಂಡಿದ್ದವರು ಬೋಳಾಗಿರಲಿಲ್ಲ. ಅವರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ, ಮನೆತನದಲ್ಲಿ ಬೋಳು ಇದ್ದವರ ಕೂದಲು ಹೋಗಲು ಶುರುವಾಯಿತು. ತಮಾಷೆ ಅಂದರೆ, ಇದೇ ಡಿಎಚ್‌ಟಿ ಗಡ್ಡಕ್ಕೆ ಗೊಬ್ಬರ. ನೆತ್ತಿಯ ಮೇಲೆ ಬೇಡ ಬೇಡ ಅಂದರೂ ಕಿತ್ತುಕೊಳ್ಳುವುದು, ಕಿವಿಯಲ್ಲಿ ಕೇಳದೇ ಕೊಡುವುದು.

ಹೆಂಗಸರಿಗೆ ಹೀಗೆ ಹಣೆ ಹಿಂದೆ ಸರಿಯುವುದು ಕಡಿಮೆ. ಬೈತಲೆ ಅಗಲವಾಗುತ್ತದೆ. ಅವರಲ್ಲಿ ಥೈರಾಯ್ಡ್, ಕಬ್ಬಿಣದ ಅಂಶದ ಕೊರತೆ, ಪಿಸಿಓಎಸ್ ಅನ್ನುವ ಹಾರ್ಮೋನು ಏರುಪೇರಿನ ತೊಂದರೆ ಇವನ್ನೆಲ್ಲ ಮೊದಲು ನೋಡಬೇಕು. ದಿನಾ ಬಿಗಿಯಾಗಿ ಎಳೆದು ಕಟ್ಟುವ ಜಡೆ, ಜುಟ್ಟಿನಿಂದಲೂ ಕಿವಿಯ ಮೇಲಿನ ಕೂದಲು ಹೋಗುತ್ತದೆ. ಇದು ಅಜ್ಜಿಯರು ಗಂಟು ಹಾಕದೇ ಬಿಟ್ಟ ನಿಜವಾದ ಕಾರಣ. ಯಾಕೆಂದರೆ ಜಡೆ ಹೆಣೆಯುತ್ತಿದ್ದವರು ಅವರೇ.

ಔಷಧಿಗಳ ಕಥೆ ಕೇಳಿದಾಗ ನನಗೆ ನಿಜವಾದ ಆಶ್ಚರ್ಯ ಆಯಿತು. ಇವತ್ತು ಕೂದಲಿಗೆ ಕೊಡುವ ದೊಡ್ಡ ಔಷಧಿಗಳಲ್ಲಿ ಹೆಚ್ಚಿನವು ಕೂದಲನ್ನು ಹುಡುಕಿಕೊಂಡು ಬಂದವಲ್ಲ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ. ತೀರಾ ಜಾಸ್ತಿ ಬಿಪಿ ಇದ್ದವರಿಗೆ ಕೊಟ್ಟರೆ ಬಿಪಿ ಇಳಿಯಿತು, ಆದರೆ ಹಣೆ, ಕೆನ್ನೆ, ತೋಳು ಎಲ್ಲೆಂದರಲ್ಲಿ ಕೂದಲು ಬಂತು. ರೋಗಿಗಳಿಗೆ ಅದು ತೊಂದರೆ. ಗುಂಟರ್ ಕಾನ್ ಅನ್ನುವ ಚರ್ಮದ ಡಾಕ್ಟರಿಗೆ ಮಾತ್ರ ಅದರಲ್ಲಿ ಬೇರೆಯೇ ಕಂಡಿತು. ಆತ ಅದನ್ನು ದ್ರಾವಣ ಮಾಡಿ ತನ್ನ ತೋಳಿಗೇ ಹಚ್ಚಿಕೊಂಡು ಕಾದ. ಕೂದಲು ಬಂತು. 1988ರಲ್ಲಿ ಅಮೆರಿಕದ ಔಷಧ ಇಲಾಖೆ ತಲೆಗೆ ಹಚ್ಚಲು ಒಪ್ಪಿಗೆ ಕೊಟ್ಟಿತು. ಈಗ ಮತ್ತೆ ಅದೇ ಮಾತ್ರೆಯನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಕೂದಲಿಗೆಂದೇ ನುಂಗಲು ಬರೆದುಕೊಡುವ ಡಾಕ್ಟರೂ ಇದ್ದಾರೆ.

ಫಿನಾಸ್ಟೆರೈಡ್ ಇನ್ನೂ ದೂರದಿಂದ ಬಂತು. ಡೊಮಿನಿಕನ್ ರಿಪಬ್ಲಿಕ್ಕಿನ ಸಲಿನಾಸ್ ಅನ್ನುವ ಊರಿನಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಂಡು, ಹೆಣ್ಣಾಗಿಯೇ ಬೆಳೆದು, ಹರೆಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಅನ್ನುವ ಡಾಕ್ಟರಮ್ಮ ಅಲ್ಲಿಗೆ ಹೋಗಿ ನೋಡಿ, 1974ರಲ್ಲಿ ಕಾರಣ ಬರೆದರು: ಡಿಎಚ್‌ಟಿ ತಯಾರಿಸುವ ಆ ಕಿಣ್ವವೇ ಅವರಲ್ಲಿ ಕೈಕೊಟ್ಟಿತ್ತು. ಇವರು ದೊಡ್ಡವರಾದ ಮೇಲೆ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು, ಹಣೆಯ ಕೂದಲು ಸರಿಯುತ್ತಿರಲಿಲ್ಲ. ಮೆರ್ಕ್ ಕಂಪನಿ ಆ ಕಿಣ್ವವನ್ನು ತಡೆಯುವ ಮಾತ್ರೆ ಮಾಡಿತು. 1992ರಲ್ಲಿ ಮುದುಕರ ಪ್ರಾಸ್ಟೇಟ್ ತೊಂದರೆಗೆ 5 ಮಿಲಿಗ್ರಾಂ, 1997ರಲ್ಲಿ ಬೋಳಿಗೆ 1 ಮಿಲಿಗ್ರಾಂ. ಇದನ್ನು ಕೇಳದೆ ತಂದು ತಿನ್ನುವಂಥದ್ದಲ್ಲ. ಕೆಲವು ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಬಸುರಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದು. ಪ್ರಾಸ್ಟೇಟ್ ಕ್ಯಾನ್ಸರ್ ನೋಡುವ ಪಿಎಸ್‌ಎ ಪರೀಕ್ಷೆಯಲ್ಲಿ ಅಂಕಿಯನ್ನು ಸುಮಾರು ಅರ್ಧಕ್ಕಿಳಿಸಿ ತೋರಿಸುತ್ತದೆ, ಹಾಗಾಗಿ ತಗೊಳ್ಳುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಇಷ್ಟಾದ ಮೇಲೆ ಮೊಣಕಾಲು. ಕೆಲವರಿಗೆ ಇದ್ದಕ್ಕಿದ್ದ ಹಾಗೆ ನಾಣ್ಯದಷ್ಟು ಅಗಲಕ್ಕೆ ಕೂದಲು ಹೋಗಿ ನುಣ್ಣಗಾಗುತ್ತದೆ. ಹುಳ ತಿಂದಿದೆ ಅಂತಾರೆ, ಹುಳ ಗಿಳ ಏನೂ ಇಲ್ಲ. ನಮ್ಮ ಮೈಯ ರಕ್ಷಣಾ ಪಡೆಯೇ ಕೂದಲ ಬುಡದ ಮೇಲೆ ಬಿದ್ದಿರುತ್ತದೆ. ಒಂದೆರಡು ಕಡೆ ಆದರೆ ತಾನಾಗಿ ಬರುವುದುಂಟು, ಅಥವಾ ಅಲ್ಲೇ ಸ್ಟೀರಾಯ್ಡ್ ಚುಚ್ಚುತ್ತಾರೆ. ಹುಬ್ಬು, ರೆಪ್ಪೆ ಸಮೇತ ಇಡೀ ಮೈ ಕೂದಲು ಹೋದವರಿಗೆ ಬಹಳ ಕಾಲ ಗಟ್ಟಿ ಔಷಧಿ ಇರಲಿಲ್ಲ. 2014ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬ್ರೆಟ್ ಕಿಂಗ್ ಮತ್ತು ಸಹೋದ್ಯೋಗಿ, ಇಂಥ ಒಬ್ಬ 25 ವರ್ಷದ ರೋಗಿಗೆ ಕೀಲುವಾತದ ಮಾತ್ರೆ ಕೊಟ್ಟು ನೋಡಿದ್ದನ್ನು ಬರೆದರು. ಎಂಟು ತಿಂಗಳಲ್ಲಿ ತಲೆತುಂಬಾ ಕೂದಲು. 2022ರಲ್ಲಿ ಅದೇ ಬಗೆಯ ಬ್ಯಾರಿಸಿಟಿನಿಬ್ ಅನ್ನುವ ಮಾತ್ರೆಗೆ ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಮೊದಲು ಕೀಲುವಾತಕ್ಕೇ ಇದ್ದದ್ದು. ಬೋಳುತಲೆಗೂ ಮೊಣಕಾಲಿಗೂ ಗಂಟು ಬಿದ್ದೇ ಬಿತ್ತು! ಸೋದರತ್ತೆಗೂ ಇವರಿಗೂ ವ್ಯತ್ಯಾಸ ಇಷ್ಟೇ: ಇವರು ಗಂಟು ಹಾಕಿದ ಮೇಲೆ ಬಿಚ್ಚಿಕೊಳ್ಳುತ್ತದಾ ಅಂತ ನೂರಾರು ಜನರ ಮೇಲೆ ಎಳೆದು ನೋಡಿದರು. ನನ್ನಂಥವರ ಬೋಳಿಗೆ ಇದು ಕೆಲಸಕ್ಕೆ ಬರುವುದಿಲ್ಲ, ರೋಗ ಬೇರೆ.

ಔಷಧಿ ಅಂಗಡಿಯಲ್ಲಿ ಬಯೋಟಿನ್ ಅನ್ನುವ ವಿಟಮಿನ್ನಿನ ಬಣ್ಣಬಣ್ಣದ ಡಬ್ಬಿಗಳಿವೆ. ಅದರ ಕೊರತೆ ಇರುವವರೇ ಅಪರೂಪ. ಜಾಸ್ತಿ ತಿಂದರೆ ಥೈರಾಯ್ಡ್ ಪರೀಕ್ಷೆಯ ಅಂಕಿಗಳೇ ಏರುಪೇರಾಗುತ್ತವೆ, ಹೃದಯಾಘಾತ ಪತ್ತೆ ಮಾಡುವ ರಕ್ತಪರೀಕ್ಷೆ ಕೂಡ.

ಕೂದಲು ಕಸಿ ಬೇರೆ ಲೋಕ. ನೋಡಿದರೆ ಥೇಟ್ ಭತ್ತದ ನಾಟಿ. ತಲೆಯ ಹಿಂಭಾಗ ಸಸಿಮಡಿ, ಅಲ್ಲಿಂದ ಒಂದೊಂದಾಗಿ ಕಿತ್ತು ಮುಂದೆ ನೆಡುವುದು. ಹಿಂದಿನ ಕೂದಲು ಡಿಎಚ್‌ಟಿಗೆ ಸೊಪ್ಪು ಹಾಕುವುದಿಲ್ಲ, ಮುಂದೆ ತಂದು ನೆಟ್ಟರೂ ಆ ಹಠ ಬಿಡುವುದಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಇದನ್ನು ತೋರಿಸಿದ. ಅದಕ್ಕೂ ಮೊದಲು, 1939ರಲ್ಲೇ, ಜಪಾನಿನ ಶೋಜಿ ಒಕುಡ ಸುಟ್ಟಗಾಯದವರ ತಲೆಗೆ, ಹುಬ್ಬಿಗೆ ಕೂದಲು ನೆಟ್ಟು ಬರೆದಿಟ್ಟಿದ್ದ. ಯುದ್ಧದ ಗಲಾಟೆಯಲ್ಲಿ ಅದು ಹೊರಗಿನವರ ಕಣ್ಣಿಗೆ ಬೀಳಲೇ ಇಲ್ಲ. ನೆಟ್ಟ ಕೂದಲು ಎರಡು ಮೂರು ವಾರಕ್ಕೆ ಉದುರಿಹೋಗುತ್ತದೆ. ದುಡ್ಡು ಕೊಟ್ಟವನ ಎದೆ ಒಡೆಯುವುದು ಆಗಲೇ. ಬೇರು ಒಳಗೇ ಇರುತ್ತದೆ, ಮೂರು ನಾಲ್ಕು ತಿಂಗಳಿಗೆ ಮೊಳೆಯುತ್ತದೆ. ಪೂರ್ತಿ ಕಾಣಲು ಒಂದು ವರ್ಷ ಬೇಕು. ಸಸಿಮಡಿ ಮಾತ್ರ ಇರುವಷ್ಟೇ. ಎಳೆ ವಯಸ್ಸಿನಲ್ಲೇ ಎಲ್ಲಾ ಮುಂದೆ ನೆಟ್ಟುಬಿಟ್ಟರೆ, ನಾಳೆ ನೆತ್ತಿ ಖಾಲಿಯಾದಾಗ ತರುವುದೆಲ್ಲಿಂದ? ಇದನ್ನು ಬ್ಯೂಟಿ ಪಾರ್ಲರಿನ ಪಕ್ಕದ ಕೋಣೆಯಲ್ಲಿ ಮಾಡಿಸಿಕೊಳ್ಳುವವರೂ ಇದ್ದಾರೆ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಅಂತ 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಬರೆದೇ ಹೇಳಬೇಕಾಯಿತು ಅಂದರೆ ಪರಿಸ್ಥಿತಿ ಊಹಿಸಿಕೊಳ್ಳಿ.

ನನಗೆ ಸದ್ಯಕ್ಕೆ ಮಿನಾಕ್ಸಿಡಿಲ್ ಸಾಕು ಅಂದರು ಡಾಕ್ಟರು. ಬೆಳಿಗ್ಗೆ 1 ಮಿಲಿಲೀಟರ್, ರಾತ್ರಿ 1 ಮಿಲಿಲೀಟರ್, ಒಣಗಿದ ತಲೆಗೆ. "ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರತ್ತೆ. ಹಳೇದು ಜಾಗ ಬಿಡಬೇಕಲ್ಲ. ಆಗ ನನಗೆ ಫೋನ್ ಮಾಡಿ ಬೈಬೇಡಿ" ಅಂದರು. ಎಷ್ಟು ದಿನ ಹಚ್ಚಬೇಕು ಅಂತ ಕೇಳಿದೆ. ಕೂದಲು ಬೇಕು ಅನ್ನಿಸುವಷ್ಟು ದಿನ, ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ ಅಂದರು. ಮೊದಲಿನಂತೆ ಆಗುತ್ತಾ ಅಂತಲೂ ಕೇಳಿದೆ. ಇರುವುದು ಉಳಿದು ಮೇಲೆ ಸ್ವಲ್ಪ ಬಂದರೆ ಅದೇ ಲಾಭ ಅಂದುಕೊಳ್ಳಿ ಅಂದರು.

ಚೀಟಿ ಹರಿದು ಕೊಡುವಾಗ ಏನೋ ನೆನಪಾದವರಂತೆ ತಲೆ ಎತ್ತಿದರು. "ಮನೇಲಿ ಬೆಕ್ಕು ಇದೆಯಾ?"

ಬೆಕ್ಕಿಗೆ ಇದು ವಿಷವಂತೆ. ದಿಂಬಿನ ಮೇಲೆ ಅಂಟಿದ್ದನ್ನು ನೆಕ್ಕಿದರೂ ಪ್ರಾಣಕ್ಕೆ ಸಂಚಕಾರ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಆದರೆ ಪಕ್ಕದ ಮನೆಯದು ಮಧ್ಯಾಹ್ನದ ನಿದ್ದೆಗೆ ಬರುವುದು ನನ್ನ ಹಾಸಿಗೆಗೇ. ಈಗ ಕಿಟಕಿಗೆ ಮೆಶ್ ಹಾಕಿಸಿದ್ದೇನೆ. ಸೊಳ್ಳೆಗೆ ಅಂತ ಪಕ್ಕದ ಮನೆಯವರಿಗೆ ಹೇಳಿದ್ದೇನೆ.