ಮೆಕ್ಯಾನಿಕ್ಕು, ಮೆಕ್ಯಾನಿಕ್ಸು

ಹೋದ ವಾರ ಮದುವೆ ಊಟಕ್ಕೆ ಕೂತಾಗ ಎದುರು ಸಾಲಿನ ಹಿರಿಯರೊಬ್ರು ನಮ್ಮ ಅಕ್ಕನ ಮಗನ್ನ ಏನ್ ಓದ್ತಿದೀಯಪ್ಪ ಅಂದ್ರು. ಐಟಿಐ, ಮೆಕ್ಯಾನಿಕ್ ಡೀಸೆಲ್ ಅಂದ. "ಓ, ಮೆಕ್ಯಾನಿಕ್ಕಾ" ಅಂದು ಕೋಸಂಬರಿ ಕಡೆ ತಿರುಗಿಬಿಟ್ರು. ಪಕ್ಕದ ಹುಡುಗ ಬಿಇ ಮೆಕ್ಯಾನಿಕಲ್ ಅಂದಿದ್ದಕ್ಕೆ ಮಾತ್ರ ಯಾವ ಕಾಲೇಜು, ಪ್ಲೇಸ್‌ಮೆಂಟ್ ಹೇಗೆ ಅಂತ ಪಾಯಸ ಬರೋವರೆಗೂ ವಿಚಾರಣೆ. ನಮ್ಮ ಹುಡುಗ ತಲೆ ಎತ್ತದೆ ಊಟ ಮುಗಿಸ್ದ. ನಂಗೆ ತುಂಬಾ ಬೇಜಾರಾಯ್ತು.

ಮೆಕ್ಯಾನಿಕ್, ಮೆಕ್ಯಾನಿಕಲ್, ಎರಡೂ ಒಂದೇ ಮೂಲದ ಪದ ಕಣ್ರೀ. ಗ್ರೀಕಲ್ಲಿ ಮೆಖನೆ ಅಂದ್ರೆ ಉಪಾಯ, ಸಾಧನ. ಅಲ್ಲಿ ನಾಟಕದಲ್ಲಿ ದೇವರ ಪಾತ್ರಧಾರೀನ ಎತ್ತಿ ರಂಗಕ್ಕೆ ಇಳಿಸ್ತಿದ್ದ ಕ್ರೇನಿಗೂ ಅದೇ ಹೆಸರು. ಅರಿಸ್ಟಾಟಲ್ ಹೆಸರಲ್ಲಿ ಉಳ್ಕೊಂಡು ಬಂದಿರೋ ಹಳೇ ಮೆಕ್ಯಾನಿಕ್ಸ್, ಅಂದ್ರೆ ಬಲ-ಚಲನೆಯ ಶಾಸ್ತ್ರದ, ಗ್ರಂಥದಲ್ಲಿ ಇರೋ ಪ್ರಶ್ನೆಗಳು ನೋಡಿ, ಸನ್ನೆಗೋಲು ಇದ್ರೆ ಸಣ್ಣ ಬಲ ದೊಡ್ಡ ಭಾರ ಹೇಗೆ ಎತ್ತುತ್ತೆ, ಹಲ್ಲು ಕೀಳೋಕೆ ಬರಿಗೈಗಿಂತ ಇಕ್ಕಳ ಯಾಕೆ ಸಲೀಸು, ಎಲ್ಲಾ ಕೆಲಸದವರ ಪ್ರಶ್ನೆಗಳೇ. 1687ರಲ್ಲಿ ನ್ಯೂಟನ್ ತನ್ನ ಪ್ರಿನ್ಸಿಪಿಯಾ ಗ್ರಂಥದ ಮುನ್ನುಡೀಲೂ ಇದನ್ನೇ ಒಪ್ಕೋತಾನೆ, ಕೈಕಸುಬುಗಳೆಲ್ಲ ಪ್ರಾಯೋಗಿಕ ಮೆಕ್ಯಾನಿಕ್ಸಿಗೆ ಸೇರಿದ್ದು, ಶಾಸ್ತ್ರಕ್ಕೆ ಹೆಸರು ಬಂದಿದ್ದೂ ಅಲ್ಲಿಂದಲೇ ಅಂತ.

ಆಮೇಲೆ ಪದ ಎಲ್ಲೆಲ್ಲಿಗೋ ಹೋಯ್ತು. 1924ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಪರಮಾಣು ಮಟ್ಟದ ಶಾಸ್ತ್ರಕ್ಕೆ ಕ್ವಾಂಟಂ ಮೆಕ್ಯಾನಿಕ್ಸ್ ಅಂದಾಗ ಅದರಲ್ಲಿ ನಟ್ಟು ಬೋಲ್ಟು ಒಂದೂ ಇರ್ಲಿಲ್ಲ. ಈಗ ಮಕ್ಕಳು ಗೇಮ್ ಮೆಕ್ಯಾನಿಕ್ಸ್ ಅಂತಾರೆ, ಆಟ ಒಳಗೆ ಹೇಗೆ ನಡೆಯುತ್ತೆ ಅನ್ನೋ ಅರ್ಥದಲ್ಲಿ. ನಮ್ಮಲ್ಲಿ ಯಂತ್ರ ಅಂದ್ರೆ ಮಿಷಿನ್ನೂ ಹೌದು, ತೋಳಿಗೆ ಕಟ್ಟಿಸ್ಕೊಳ್ಳೋ ತಾಯತಾನೂ ಹೌದು. ಅದೆಲ್ಲ ಚೆನ್ನಾಗೇ ಇದೆ.

ನಂಗೆ ಒಪ್ಪಿಗೆ ಆಗದೇ ಇರೋದು "ಯಾಂತ್ರಿಕವಾಗಿ" ಅನ್ನೋ ಪದ. ಮನಸ್ಸಿಡದೆ, ಯೋಚ್ನೆ ಮಾಡದೆ ಮಾಡಿದ್ದಕ್ಕೆ ಹಾಗಂತೀವಿ, ನಾನೂ ಎಷ್ಟೋ ಸಲ ಬರ್ದಿದೀನಿ, ಇನ್ಮೇಲೆ ಬರೆಯಲ್ಲ. ಯಾಕಂದ್ರೆ ಗ್ಯಾರೇಜಲ್ಲಿ ಯೋಚ್ನೆ ಇಲ್ದೆ ಒಂದು ನಟ್ಟೂ ಬಿಚ್ಚೋಕಾಗಲ್ಲ. ವೀಲ್ ನಟ್ ಜಾಮ್ ಆದ್ರೆ ಪಾನಾಗೆ ಪೈಪ್ ಸಿಗಿಸ್ತಾರಲ್ಲ, ಹಿಡಿಯೋ ಉದ್ದ ಎರಡರಷ್ಟಾದ್ರೆ ಅದೇ ಕೈಬಲಕ್ಕೆ ಟಾರ್ಕೂ, ಅಂದ್ರೆ ತಿರುಗಿಸೋ ಶಕ್ತಿನೂ, ಎರಡರಷ್ಟು, ಇಂಜಿನಿಯರಿಂಗ್ ಹುಡುಗರು ಮೊದಲನೇ ವರ್ಷ ಬೋರ್ಡ್ ಮೇಲೆ ಕಲಿಯೋದೂ ಇದನ್ನೇ.

ಮದುವೆಯಿಂದ ವಾಪಸ್ ಬರ್ತಾ ಬಸ್ಸಲ್ಲಿ ಅವನನ್ನೇ ಕೇಳ್ದೆ, ಇಂಜಿನ್ ಮಿಸ್ ಹೊಡೀತಿದ್ರೆ ಯಾವ ಸಿಲಿಂಡರ್ ಅಂತ ಹೇಗೋ ಕಂಡುಹಿಡೀತೀರಿ? ಊಟದಲ್ಲಿ ಬಾಯಿ ಬಿಡದವನು ಇಡೀ ದಾರಿ ಹೇಳ್ದ. ಹಳೇ ಡೀಸೆಲ್ ಇಂಜಿನ್ ಆದ್ರೆ ಐಡ್ಲಿಂಗಲ್ಲಿ ಬಿಟ್ಟು ಇಂಜೆಕ್ಟರ್ ಪೈಪಿನ ನಟ್ಟು ಒಂದೊಂದಾಗಿ ಸಡಿಲ ಮಾಡ್ಬೇಕು ಮಾವ, ಡೀಸೆಲ್ ಒತ್ತಡ ಇರುತ್ತೆ, ಕೈ ಅಡ್ಡ ಇಡಬಾರ್ದು. ಚೆನ್ನಾಗಿರೋ ಸಿಲಿಂಡರ್‌ದು ಸಡಿಲ ಮಾಡಿದ್ರೆ ಇಂಜಿನ್ ಇನ್ನೂ ತಡವರಿಸುತ್ತೆ. ಯಾವ್ದು ಸಡಿಲ ಮಾಡಿದ್ರೂ ಸೌಂಡ್ ಬದಲಾಗಲ್ವೋ ಅದೇ ಕೆಲಸ ಮಾಡ್ತಿಲ್ಲ ಅಂತ.