ಕಾಂಡ್ಲಾ ಕಡಿಯೋದು ಮುಂಬೈಲಿ, ಹಸಿರು ಚಂದ್ರಪುರದಲ್ಲಿ!

ವರ್ಸೋವಾ-ಭಾಯಂದರ್ ಕೋಸ್ಟಲ್ ರೋಡ್ ಸುದ್ದಿ ನೀವೂ ಓದೇ ಇರ್ತೀರಿ. 26 ಕಿಲೋಮೀಟರ್ ರಸ್ತೆ, 45 ಸಾವಿರಕ್ಕೂ ಹೆಚ್ಚು ಕಾಂಡ್ಲಾ (ಮ್ಯಾಂಗ್ರೋವ್) ಗಿಡಕ್ಕೆ ಕುತ್ತು, 2025ರ ಡಿಸೆಂಬರಲ್ಲಿ ಹೈಕೋರ್ಟ್ ಪರ್ಮಿಷನ್ನೂ ಸಿಕ್ತು. ನಾನು ಇದನ್ನ ಓದಿದ್ದೇ ಟ್ರಾಫಿಕಲ್ಲಿ ಕೂತ್ಕೊಂಡು, ಹಂಗಾಗಿ ರಸ್ತೇನೇ ಬೇಡ ಅನ್ನೋಕೆ ನಂಗೂ ಬಾಯಿ ಬರಲ್ಲ. ತಲೆ ಕೆಟ್ಟಿದ್ದು ಬದಲಿ ಕಾಡು ಎಲ್ಲಿ ಬೆಳೆಸ್ತಾರೆ ಅಂತ ನೋಡಿದಾಗ. ಚಂದ್ರಪುರದಲ್ಲಂತೆ!

ಚಂದ್ರಪುರ ಅಂದ್ರೆ ವಿದರ್ಭದ ಆ ತುದಿ, ತೆಲಂಗಾಣದ ಗಡಿ. ಕಲ್ಲಿದ್ದಲು ಗಣಿ ಇದೆ, ತಾಡೋಬಾ ಹುಲಿ ಇದೆ, ಬೇಸಿಗೇಲಿ 45 ಡಿಗ್ರಿ ಬಿಸಿಲಿದೆ, ಸಮುದ್ರ ಒಂದಿಲ್ಲ ಅಷ್ಟೇ. ಇಲ್ಲಿ ಉಪ್ಪುನೀರಿನ ಗಿಡ ಹೋಗುತ್ತೆ, ಅಲ್ಲಿ ಒಣ ನೆಲದ ಮರ ಬರುತ್ತೆ, ಫೈಲಲ್ಲಿ ಲೆಕ್ಕ ಸರಿ ಆಯ್ತು. ಮಾವನ ಕಿಡ್ನಿ ತೆಗೆದು, ಬದಲಿಗೆ ಅವರ ಷಡ್ಡಕನಿಗೆ ಜಿಮ್ ಮೆಂಬರ್‌ಶಿಪ್ ಮಾಡಿಸಿಕೊಟ್ಟ ಹಾಗೆ. ಊರಿಗೆ ಫೋನ್ ಮಾಡಿದಾಗ ಕುಂದಾಪುರದ ದೊಡ್ಡಮ್ಮಂಗೆ ಇದನ್ನ ಹೇಳ್ದೆ. ಅವರು ಒಂದೇ ಮಾತು ಕೇಳಿದ್ದು, "ಅಲ್ಲಿ ಸಮುದ್ರ ಇತ್ತಾ ಮಗಾ?" ನಮ್ಮ ಕಡೆ ಕಾಂಡ್ಲಾ ಅಂದ್ರೆ ಏಡಿ, ಸಿಗಡಿ, ಹೊಳೆ ದಂಡೆ ಕುಸಿಯದ ಹಾಗೆ ಹಿಡಿಯೋ ಬೇರು. ದೊಡ್ಡಮ್ಮಂಗೆ ಇಷ್ಟು ತಿಳಿಯೋಕೆ ಕನ್ಸಲ್ಟೆಂಟ್ ಬೇಕಾಗ್ಲಿಲ್ಲ.

ಹಾಂ, ಎಲ್ಲಾ 45 ಸಾವಿರಾನೂ ಕಾಯಂ ಆಗಿ ಹೋಗಲ್ವಂತೆ. ಸುಮಾರು 9 ಸಾವಿರ ಮಾತ್ರ ಪೂರ್ತಿ ಹೋಗೋದು, ಉಳಿದ ಜಾಗದಲ್ಲಿ ಆಮೇಲೆ ಮತ್ತೆ ಬೆಳೆಸ್ತಾರಂತೆ. ತಿರುಪತೀಲಿ ಕೊಟ್ಟ ಕೂದಲು ನೋಡಿ, ತಿಂಗಳು ಬಿಟ್ರೆ ಬರೋಕೆ. 2022ರಲ್ಲಿ ಬುಲೆಟ್ ಟ್ರೈನಿಗೆ ಸುಮಾರು 22 ಸಾವಿರ ಕಡಿಯೋಕೆ ಒಪ್ಪಿಗೆ ಕೊಟ್ಟಾಗ್ಲೂ ಹೀಗೇ, ಒಂದಕ್ಕೆ ಐದು ನೆಡ್ತೀವಿ ಅಂದಿದ್ರು.

ಕೋರ್ಟಿಗೆ ಹೋಗೋರು ಪಾಪ ಮರ್ಯಾದಸ್ಥರು ಬಿಡಿ. ನಮ್ಮ ಖಾಡಿ (ಸಮುದ್ರದ ನೀರು ಒಳಗೆ ಬರೋ ಹಿನ್ನೀರು) ಪಕ್ಕದಲ್ಲಿ ಪರ್ಮಿಷನ್ನೇ ಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಟೆಂಪೋ ಬರುತ್ತೆ, ಹಿಂದಿನ ಬಾಗಿಲು ತೆಗೀತಾರೆ, ಧಡಧಡ ಅಂತ ಯಾರದೋ ಮನೆ ಒಡೆದ ಗೋಡೆ ಬೀಳುತ್ತೆ. ಬೆಳಿಗ್ಗೆ ಹೋಗಿ ನೋಡಿದ್ರೆ ಕೆಸರಿಂದ ಪೆನ್ಸಿಲ್ ಥರ ಮೇಲೆ ನಿಂತಿರೋ ಬೇರುಗಳ ಮೇಲೆ ಗುಲಾಬಿ ಹೂವಿನ ಬಾತ್‌ರೂಮ್ ಟೈಲ್ಸು. ಟೈಲ್ಸ್ ತಪ್ಪಿಸಿಕೊಂಡ ಬೇರಿಗೆ ಗುಟ್ಕಾ ಪ್ಯಾಕೆಟ್ ಟೋಪಿ. ಆ ಗಿಡ ಉಸಿರಾಡೋದೇ ಆ ಬೇರಿಂದ ಕಣ್ರೀ. ಅದನ್ನ ಮುಚ್ಚಿ, ಉಬ್ಬರದ ನೀರು ಬರೋ ದಾರಿಗೆ ಒಂದು ಮಣ್ಣಿನ ಕಟ್ಟೆ ಹಾಕಿದ್ರೆ ಕೊಡಲಿ ಯಾಕೆ ಬೇಕು, ತಾನಾಗೇ ಒಣಗುತ್ತೆ. ಆಮೇಲೆ "ಇಲ್ಲಿ ಕಾಡು ಎಲ್ಲಿತ್ತು ಸಾರ್?" ಅಂತ ಅವರೇ ಕೇಳ್ತಾರೆ.

ನವಿ ಮುಂಬೈಯವರು ಇನ್ನೂ ಬುದ್ಧಿವಂತರು, ಊರಿಗೆ ಫ್ಲೆಮಿಂಗೋ ಸಿಟಿ ಅಂತ ಹೆಸರಿಟ್ಟು ರಸ್ತೇಲಿ ಗುಲಾಬಿ ಹಕ್ಕಿ ಮೂರ್ತಿ ನಿಲ್ಲಿಸಿದಾರೆ. ಒಳ್ಳೇದೇ ಆಯ್ತು, ಮೂರ್ತಿಗೆ ಕೆಸರು ಬೇಡ, ಪಾಚಿ ಬೇಡ, ವರ್ಷಕ್ಕೊಂದು ಸಲ ಪೇಂಟ್ ಹೊಡೆದ್ರೆ ಸಾಕು. ಮೊನ್ನೆ ಒಬ್ಬಳು ಹುಡುಗಿ ಫೋನ್ ಮಾಡಿ "ಮ್ಯಾಂಗ್ರೋವ್ ವ್ಯೂ ಫ್ಲಾಟ್ ಇದೆ ಸಾರ್" ಅಂದ್ಲು. ವ್ಯೂ ಎಷ್ಟು ವರ್ಷ ಇರುತ್ತಮ್ಮಾ ಅಂದೆ. "ಪೊಸೆಷನ್ ತನಕ ಪಕ್ಕಾ ಸಾರ್."

ನಗು ಬಂತು, ಆಮೇಲೆ ಬರಲಿಲ್ಲ. 2005ರ ಜುಲೈ 26ಕ್ಕೆ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಎದೆಮಟ್ಟ ನೀರಲ್ಲಿ ನಡ್ಕೊಂಡು ಮನೆಗೆ ಬಂದವನು ನಾನು. ಮಿಠಿ ನದಿಗೆ ಹರಿಯೋಕೆ ಜಾಗಾನೇ ಬಿಟ್ಟಿರ್ಲಿಲ್ಲ, ದಂಡೆಯ ಕಾಂಡ್ಲಾ ತೆಗೆದು ಮಣ್ಣು ತುಂಬಿ ಆಫೀಸು ಕಟ್ಟಿದ್ರು. ಆವತ್ತು ಎಷ್ಟು ಹೆಣ ಬಿತ್ತು ಅಂತ ಯಾರಿಗೂ ನೆನಪಿಲ್ವಾ? 2018ರಲ್ಲಿ ಇದೇ ಹೈಕೋರ್ಟು ಕಾಂಡ್ಲಾ ನಾಶ ಅಂದ್ರೆ ಜೀವಿಸೋ ಹಕ್ಕಿಗೇ ಪೆಟ್ಟು ಅಂತ ಹೇಳಿತ್ತು, ಸಾರ್ವಜನಿಕ ಹಿತಕ್ಕೆ ಅನಿವಾರ್ಯ ಆದ್ರೆ ಮಾತ್ರ ಕಡೀಬಹುದು ಅಂತ ಒಂದು ಸಣ್ಣ ಬಾಗಿಲು ಬಿಟ್ಟಿತ್ತು. ಈಗ ಆ ಬಾಗಿಲಲ್ಲೇ ಎಲ್ಲರೂ ಕ್ಯೂ ನಿಂತಿದಾರೆ. ಬೇಜಾರಾಗುತ್ತೆ ರೀ, ಬರೆದೂ ಬರೆದೂ ಸಾಕಾಗಿದೆ.

ನಮ್ಮ ಬಿಲ್ಡಿಂಗ್ ಗ್ರೌಂಡ್ ಫ್ಲೋರ್‌ನವರು ಮಳೆಗಾಲಕ್ಕೆ ಈಗ್ಲೇ ಫ್ರಿಜ್ ಕೆಳಗೆ ಇಟ್ಟಿಗೆ ಇಟ್ಟಿದಾರೆ. ಹೋದ ವರ್ಷ ಎರಡು ಸಾಲು ಇತ್ತು, ಈ ಸಲ ಮೂರು.