ಎಲ್ಲರೂ ಸಾಸ್ ಬಗ್ಗೆಯೇ ಯಾಕೆ ಕೇಳುತ್ತಾರೆ?

ಅಮೆರಿಕಾದ ದಕ್ಷಿಣದ ಬಾರ್ಬೆಕ್ಯೂ ವಿಡಿಯೋಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. ಎಲ್ಲದರಲ್ಲೂ ಅದೇ ಕಥೆ. ಒಬ್ಬ ಬರುತ್ತಾನೆ, ಒಂದು ತುತ್ತು ತಿಂದು ಕಣ್ಣು ಮುಚ್ಚುತ್ತಾನೆ, ಆಮೇಲೆ ಸಾಸ್‌ಗೆ ಏನೇನು ಹಾಕ್ತೀರಿ ಅಂತ ಕೇಳುತ್ತಾನೆ. ಅಂಗಡಿಯವರು ನಕ್ಕು ಸುಮ್ಮನಾಗುತ್ತಾರೆ. ಅಲ್ಲಿಗೆ ಮುಗೀತು.

ಕೇಳಬೇಕಾದ್ದು ಅದಲ್ಲ ಅಂತ ನನ್ನ ವಾದ.

ಸೌತ್ ಕೆರೊಲಿನಾದಲ್ಲಿ ಹೆಮಿಂಗ್‌ವೇ ಅಂತ ಒಂದು ಸಣ್ಣ ಊರು. 1972ರಲ್ಲಿ ರೂಸ್‌ವೆಲ್ಟ್ ಮತ್ತು ಎಲಾ ಸ್ಕಾಟ್ ಅನ್ನುವ ಕಪ್ಪು ದಂಪತಿ ಅಲ್ಲಿ ಅಂಗಡಿ ಹಾಕಿದರು. ಹೆಸರಲ್ಲೇ 'ವೆರೈಟಿ ಸ್ಟೋರ್' ಅಂತಿತ್ತು. ಮುಂದೆ ದಿನಸಿ ಸಾಮಾನು, ಹಿಂದೆ ಇಡೀ ಹಂದಿ ಸುಡುವ ಒಲೆಮನೆ. ಮಗ ರಾಡ್ನಿ ಮೊದಲ ಹಂದಿ ಬೇಯಿಸಿದಾಗ ಅವನಿಗೆ 11 ವರ್ಷ. ಸಾಸ್ ಅಂದರೆ ವಿನೆಗರ್ ಮತ್ತು ಖಾರ, ಅಷ್ಟೇ ಅನ್ನಬಹುದು. ಕಾಚಂಪುಳಿ ಹಾಕಿದ ಪಂದಿ ಕರಿ ತಿಂದವರಿಗೆ ಹಂದಿ ಮಾಂಸಕ್ಕೆ ಹುಳಿ ಯಾಕೆ ಅಂತ ನಾನು ಹೇಳಬೇಕಾಗಿಲ್ಲ ಬಿಡಿ.

ಆದರೆ ಕೆಲಸ ನೋಡಿ. ಮರ ಅವರೇ ಕಡಿಯುತ್ತಾರೆ, ಓಕ್, ಹಿಕರಿ, ಪೆಕನ್. ಸೌದೆಯನ್ನು ದೊಡ್ಡ ಕಬ್ಬಿಣದ ಡ್ರಮ್ಮಿನಲ್ಲಿ ಉರಿಸುತ್ತಾರೆ. ಅಡ್ಡಕ್ಕೆ ಸರಳು ಹಾಕಿರುತ್ತಾರೆ, ಉರಿದ ಸೌದೆ ಕೆಂಡವಾಗಿ ಅದರ ಸಂದಿಯಿಂದ ಕೆಳಗೆ ಉದುರುತ್ತದೆ. ಆ ಕೆಂಡವನ್ನು ಸಲಿಕೆಯಲ್ಲಿ ಬಾಚಿ ಹಂದಿಯ ಕೆಳಗೆ ಹರಡಬೇಕು, ಅದೂ ಒಂದು ಸಲ ಅಲ್ಲ, ಸುಮಾರು ಹನ್ನೆರಡು ಗಂಟೆ, ರಾತ್ರಿಯೆಲ್ಲ ಎದ್ದು. ಕೊನೆಗೆ ನೆಲ ಒರೆಸುವಂಥ ಮಾಪ್‌ನಿಂದ (ಹೊಸದೇ, ಗಾಬರಿ ಬೇಡ) ಸಾಸ್ ಬಳಿಯುತ್ತಾರೆ. ಕೆಂಡ ಯಾವಾಗ ಸಾಕು, ಕೊಬ್ಬು ತೊಟ್ಟಿಕ್ಕುವ ಚುಂಯ್ ಸದ್ದು ಯಾವಾಗ ಜಾಸ್ತಿ ಆಯ್ತು ಅನ್ನುವುದನ್ನು ಯಾವ ರೆಸಿಪಿಯಲ್ಲಿ ಬರೆಯುತ್ತೀರಿ?

1976ರಲ್ಲಿ ಅಮೆರಿಕಾ ಜನಪದ ಬದುಕನ್ನು ಉಳಿಸಲು ಒಂದು ಕಾಯ್ದೆ ಮಾಡಿತು. ಹಾಡು, ಕುಣಿತದ ಜೊತೆಗೆ ಕೈಕಸುಬಿನ ಜಾಣತನವನ್ನೂ ಅದರಲ್ಲಿ ಸೇರಿಸಿದ್ದಾರೆ, ಕುಟುಂಬದ್ದು, ಕೆಲಸದ್ದು, ಪ್ರದೇಶದ್ದು ಎಲ್ಲವೂ ಬರುತ್ತದೆ. ಒಂದೇ ಅಂಗಡಿಯಲ್ಲಿ ಮೂರೂ ಇದೆ ಅಲ್ವಾ? ದಕ್ಷಿಣದ ಊಟ-ತಿಂಡಿಯ ಸಂಸ್ಕೃತಿಯನ್ನು ದಾಖಲಿಸುವ ಸಂಸ್ಥೆ, ಮಿಸಿಸಿಪಿ ವಿಶ್ವವಿದ್ಯಾಲಯದ ಸದರ್ನ್ ಫುಡ್‌ವೇಸ್ ಅಲಯನ್ಸ್‌ನವರು ಸ್ಕಾಟ್ ಕುಟುಂಬದ ಮೇಲೆ 2010ರಲ್ಲಿ ಒಂದು ಕಿರುಚಿತ್ರ ಮಾಡಿದರು. ಹೆಸರು 'ಕಟ್/ಚಾಪ್/ಕುಕ್'. ಬರೀ ಮೂರು ಕೆಲಸಗಳು. ನನಗೆ ಆ ಹೆಸರೇ ಇಷ್ಟವಾಯಿತು.

ಯಾರ ಕೆಲಸ ಅನ್ನುವುದೂ ಮುಖ್ಯ. ಗುಲಾಮಗಿರಿಯ ಕಾಲದಲ್ಲಿ ಈ ಒಲೆಗಳ ಮುಂದೆ ರಾತ್ರಿಯಿಡೀ ಬೆಂದವರು ಕಪ್ಪು ಜನ, ಹೆಸರು ಮಾತ್ರ ಔತಣ ಕೊಟ್ಟ ಯಜಮಾನನಿಗೆ. ಅದಕ್ಕೇ ಸಲಿಕೆ ಹಿಡಿದವನ ಹೆಸರು ಕೇಳಿ ಬರೆದುಕೊಳ್ಳಬೇಕು.

ನಾನೇನೂ ಸಾಚಾ ಅಲ್ಲ. ನಮ್ಮ ಸೋದರಮಾವ ಹೈವೇ ಪಕ್ಕ ಹೋಟೆಲ್ ನಡೆಸುತ್ತಿದ್ದರು. ಅವರ ಸಾರಿನ ಪುಡಿಯ ಅಳತೆ ನನ್ನ ಹತ್ತಿರ ಇದೆ. ಉದ್ರಿ ಪುಸ್ತಕ ಇಲ್ಲ. ಯಾರ ಹತ್ತಿರ ದುಡ್ಡು ಕೇಳುತ್ತಿದ್ದರು, ಯಾರನ್ನು ಕೇಳದೆ ಬಿಟ್ಟುಬಿಡುತ್ತಿದ್ದರು ಅನ್ನುವುದರಲ್ಲಿ ಆ ಊರೇ ಇತ್ತು. ಹೋಟೆಲ್ ಮುಚ್ಚಿದ ಮೇಲೆ ಪುಸ್ತಕ ರದ್ದಿಗೆ ಹೋಯಿತು, ನಾನೂ ಅಲ್ಲೇ ಇದ್ದೆ.

ಸ್ಕಾಟ್‌ ಕುಟುಂಬದ ಒಲೆಮನೆ 2013ರ ನವೆಂಬರ್‌ನಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಲು ದುಡ್ಡು ಬೇಕಲ್ಲ, ರಾಡ್ನಿ ಊರೂರು ಸುತ್ತಿ ಹಂದಿ ಸುಟ್ಟು ಹಣ ಕೂಡಿಸಿದರು. 2017ರಲ್ಲಿ ಚಾರ್ಲ್‌ಸ್ಟನ್‌ನಲ್ಲಿ ತಮ್ಮದೇ ಹೋಟೆಲ್ ತೆರೆದರು, ಮರುವರ್ಷ ಅಮೆರಿಕಾದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿಯೂ ಬಂತು. ಇದನ್ನೆಲ್ಲ ಪತ್ರಿಕೆಗಳು ಬರೆದಿವೆ, ಖುಷಿಯೇ.

ನಾನು ಹೋದರೆ ಸಲಿಕೆ ಬಗ್ಗೆ ಕೇಳುತ್ತೇನೆ. ಹಿಡಿ ಎಷ್ಟು ಉದ್ದ ಇರಬೇಕು, ಹೊಸಬನ ಕೈಗೆ ಯಾವಾಗ ಕೊಡುತ್ತೀರಿ, ರಾತ್ರಿ ಎರಡು ಗಂಟೆಗೆ ನಿದ್ದೆ ಬಂದರೆ ಏನು ಮಾತಾಡುತ್ತೀರಿ ಅಂತ. ಸಾಸ್ ಬಾಟಲಿಯಲ್ಲೇ ಸಿಗುತ್ತದೆ, ಬರುವಾಗ ಒಂದು ತಗೊಂಡರಾಯಿತು.